ತೊಳೆದು ಕಳಿಸಿದ ಡಬ್ಬಿ

ಕೋರ್ಟಿನವರು ಕರೆಸಿದ್ದ ದುಭಾಷಿಗೆ ಬರುತ್ತಿದ್ದುದು ಹಿಂದಿ. ಮರಿತಾಯಮ್ಮನಿಗೆ ಮಂಡ್ಯದ ಕನ್ನಡವೊಂದೇ. ಅಮೆರಿಕದ ಸ್ಯಾನ್ ಹೊಸೆಯ ಆ ಸಣ್ಣ ಕೋಣೆಯಲ್ಲಿ ಎರಡೂ ಕಡೆಯ ಮಾತು ಬಲ್ಲವಳು ಕಾವ್ಯಾ. ಮರಿತಾಯಮ್ಮ ಹಾಕಿದ ಅರ್ಜಿ ಇದ್ದದ್ದೂ ಈ ಮಾಜಿ ಸೊಸೆಯ ಮೇಲೆಯೇ. "ನಾನೇ ಹೇಳ್ತೀನಿ ಬಿಡಿ" ಎಂದು ಅವಳು ಕುರ್ಚಿ ಎಳೆದುಕೊಂಡಳು.

ಕಾವ್ಯಾಳ ಗಂಡನಾಗಿದ್ದ ಗೌತಮನ ಡಾಟ್-ಕಾಮ್ ಕಂಪನಿ ಮುಳುಗಿತ್ತು, ಅದರ ಬೆನ್ನಿಗೇ ಸಂಸಾರ. ಅವನು ಟೆಕ್ಸಾಸ್ ಸೇರಿ ಹೆತ್ತ ಮಗಳನ್ನೂ ಮರೆತ. ಅವನ ತಾಯಿ ಮರಿತಾಯಮ್ಮ ಮರೆಯಲಿಲ್ಲ. ಅದೇ ಊರಿನ ಬೆರ್ರಿಯೆಸಾ ಬಡಾವಣೆಯಲ್ಲಿ ತನ್ನ ಮಗಳ ಮನೆಯಲ್ಲಿದ್ದುಕೊಂಡೇ, ಮೊಮ್ಮಗಳು ಲಾಸ್ಯಾಳನ್ನು ಶನಿವಾರಕ್ಕೊಮ್ಮೆ ನೋಡುವ ಹಕ್ಕು ಕೊಡಿ ಎಂದು ಕೇಳಿದ್ದಳು. ಅಜ್ಜಿಗೂ ಮಗುವಿಗೂ ಮೊದಲಿನಿಂದ ಒಡನಾಟವಿತ್ತೆಂದು ತೋರಿಸಬೇಕು ಎಂದಿದ್ದರು ವಕೀಲರು. ದೇವರು ಹಾಕಿದ ಗಂಟಿಗೆ ಸಾಕ್ಷಿ ಬೇರೆ ಬೇಕೇ ಎಂದುಕೊಂಡ ಮರಿತಾಯಮ್ಮನಿಗೆ ಅಳುಕಿರಲಿಲ್ಲ.

ರಾಜಿ ಮಾಡಿಸುವ ಅಮೆರಿಕನ್ ಅಧಿಕಾರಿ ಕೇಳುತ್ತ ಹೋದಳು, ಮರಿತಾಯಮ್ಮ ಹೇಳುತ್ತ ಹೋದಳು. ಮಗುವಿಗೆ ಎಣ್ಣೆ ನೀರು ಎರೆದದ್ದು, ಡೇಕೇರಿಗೆ ಹೋಗುವವರೆಗೂ ಸಂಜೆ ದೀಪದೆದುರು ಪದ ಹೇಳಿ ಮಲಗಿಸಿದ್ದು, ಎಲ್ಲವನ್ನೂ ಕಾವ್ಯಾ ಇಂಗ್ಲಿಷಿಗೆ ತಿರುಗಿಸಿದಳು. ಒಂದು ಮಾತು ನುಂಗಲಿಲ್ಲ. ಆಮೇಲೆ ತನ್ನ ಮಾತು ಹೇಳಿದಳು: ಆ ಮನೆಯ ಸಂಬಂಧ ಮುಗಿದಿದೆ, ಯುಗಾದಿಗೆ ಇವರು ಕಳಿಸಿದ ಒಬ್ಬಟ್ಟಿನ ಡಬ್ಬಿಯನ್ನೂ ವಕೀಲರ ಕೈಲಿ ವಾಪಸು ಕಳಿಸಿದ್ದೇನೆ. ಹೇಳಿಯಾದ ಮೇಲೆ ಇತ್ತ ತಿರುಗಿ, "ನಮಗೂ ನಿಮಗೂ ಇನ್ನೇನೂ ಇಲ್ಲ ಅಂದೆ, ಅತ್ತೆ" ಎಂದಳು.

ಮರಿತಾಯಮ್ಮ ಕೈಚೀಲದಿಂದ ಆ ಸ್ಟೀಲ್ ಡಬ್ಬಿಯನ್ನೇ ತೆಗೆದು ಮೇಜಿನ ಮೇಲಿಟ್ಟಳು.

"ತಿಂದ್ಲಾ ಕೂಸು?"

"ತಿಂದ್ಲು. ಇನ್ನೊಂದು ಬೇಕು ಅಂದ್ಲು."

"ಅದ್ನೂ ಅವರ್ಗೆ ಹೇಳು."

ಕಾವ್ಯಾ ಹೇಳಿದಳು. ಮರಿತಾಯಮ್ಮ ಮುಚ್ಚಳ ತೆಗೆದಳು. ತಳದಲ್ಲಿ ಒಂದು ಹಿಡಿ ಸಕ್ಕರೆ.

ಅಧಿಕಾರಿ ಬಗ್ಗಿ ನೋಡಿ, ಇದನ್ನು ಹಾಕಿದವರು ಯಾರೆಂದು ಕೇಳಿದಳು. ಆವತ್ತು ಕಾವ್ಯಾ ಸಿಟ್ಟಿನಲ್ಲೇ ಡಬ್ಬಿ ತೊಳೆದಿದ್ದಳು, ಸಿಟ್ಟಿನಲ್ಲೇ ಒರೆಸಿದ್ದಳು. ಕೈ ಮಾತ್ರ ಅವಳನ್ನು ಕೇಳದೆ ಸಕ್ಕರೆಯ ಭರಣಿಗೆ ಹೋಗಿತ್ತು. ನಾನೇ, ನಮ್ಮಲ್ಲಿ ಡಬ್ಬಿ ಖಾಲಿ ಹಿಂತಿರುಗಿಸುವುದಿಲ್ಲ ಎಂದಳು. ಖಾಲಿಯೇ ಹಿಂತಿರುಗಿಸಿದರೆ ಏನರ್ಥ ಎಂದಳು ಅಧಿಕಾರಿ.

ಅಷ್ಟು ಹೊತ್ತು ನೀರಿನಂತೆ ಬರುತ್ತಿದ್ದ ಇಂಗ್ಲಿಷು ಅಲ್ಲಿ ನಿಂತಿತು. ಕಾವ್ಯಾ ಅತ್ತೆಯ ಕಡೆ ತಿರುಗಿ, "ಖಾಲಿ ಕಳಿಸಿದ್ರೆ ಏನರ್ಥ ಅಂತ ಕೇಳ್ತಿದ್ದಾರೆ" ಎಂದಳು.

"ಇನ್ನು ಕೊಡೋದು ತಗೊಳೋದು ಇಲ್ಲ ಅಂತ ಅರ್ಥ ಕಣವ್ವ" ಎಂದಳು ಮರಿತಾಯಮ್ಮ, ಡಬ್ಬಿಯನ್ನು ಅವಳತ್ತ ಮೆಲ್ಲಗೆ ಸರಿಸುತ್ತ. "ಹೇಳು ಅವರ್ಗೆ. ಇಲ್ಲೀಗಂಟ ಎಲ್ಲಾನೂ ಸರಿಯಾಗೇ ಹೇಳಿದ್ದೀಯ."