ಬಾವುಟದ ದಿಕ್ಕು

ದುಆರ್ತೆ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ ತಿಮಿಂಗಿಲದ ಹಲ್ಲು ಕೆಸರು ಕುಡಿದು ಕಂದುಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಹಾಯಿಪಟಗಳೆಲ್ಲ ಮುಂದಕ್ಕೆ ಉಬ್ಬಿದ ಒಂದು ಹಾಯಿಹಡಗಿನ ಕೆತ್ತನೆ. ಕೆಳಗಿನ ಅಲೆಗಳನ್ನು ಯಾರೋ ಅರ್ಧಕ್ಕೇ ಬಿಟ್ಟಿದ್ದರು.

“ಮೊನ್ನೆ ಚಿಪ್ಪುಮೀನು ಹಿಡಿಯೋ ಬಲೆ ಎಳೆದಾಗ ಬಂತು ಮೇಸ್ತ್ರಿ. ನಮ್ಮ ಮುತ್ತಾತನ ಕಾಲದ್ದು ಅಂತ ನನ್ನ ಲೆಕ್ಕ. ಯಾವ ಪುಣ್ಯಾತ್ಮ ಕೆತ್ತಿದ್ದು ಅಂತ ನೀವೊಂದು ಮಾತು ಹೇಳಿಬಿಡಿ, ಸಾಕು.”

ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಹಲ್ಲಿನ ಕೆತ್ತನೆಯ ವಿಷಯಕ್ಕೆ ಅಡೆಲೀನು ಮೇಸ್ತ್ರಿ ಹೇಳಿದ್ದೇ ಕೊನೆ. ಅಸಲಿ ಎಂದರೆ ಅಸಲಿ, ನಕಲಿ ಎಂದರೆ ನಕಲಿ. ತನ್ನ ಸ್ವಂತ ತಮ್ಮ ತಂದ ಹಲ್ಲನ್ನೂ ಮುಖದ ಮೇಲೆ ಹೊಡೆದ ಹಾಗೆ ನಕಲಿ ಎಂದವನು ಅವನು. ಆಮೇಲೆ ತಮ್ಮ ಮಾತು ಬಿಟ್ಟ, ಇವನು ಮಾತು ಬದಲಿಸಲಿಲ್ಲ.

“ಒಳಗೆ ಬಂದ ಮೇಲಾದ್ರೂ ಆ ಟೋಪಿ ತೆಗೆಯೋ,” ಎಂದಳು ಮೇಸ್ತ್ರಿಯ ಹೆಂಡತಿ ಬೆಲ್ಮೀರಾ ಅಡುಗೆಮನೆಯಿಂದಲೇ.

“ಇಗರ್ಜಿಯಲ್ಲಿ ತೆಗೀತೀನಲ್ಲಮ್ಮ. ಇಲ್ಲಾಂದ್ರೆ ಯಾರಾದ್ರೂ ಸತ್ತಾಗ…” ಎಂದ ದುಆರ್ತೆ ನಾಲಿಗೆ ಕಚ್ಚಿಕೊಂಡ. ಮೀನುಗಾರರೆಲ್ಲ ಹಾಗೇ, ಬೇರೆಲ್ಲೂ ಟೋಪಿ ತೆಗೆಯುವವರಲ್ಲ. ಆದರೆ ಈ ಮನೆಯಲ್ಲಿ ಸಾವಿನ ಮಾತು ಆಡಬಾರದಿತ್ತು. ಇವರ ಮಗ ಅಮಾರೊ ಹೋದ ‘ಲುಜೀನಿಯಾ’ ದೋಣಿ ಮೂರು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಹೆಣವಿಲ್ಲ, ಒಂದು ಹಲಗೆಯೂ ಸಿಕ್ಕಿರಲಿಲ್ಲ. ಗುರುತು ಸಿಗುವವರೆಗೆ ಸತ್ತವರ ಪೂಜೆ ಬೇಡ ಎಂದು ಬೆಲ್ಮೀರಾ ಪಾದ್ರಿಯನ್ನೇ ಹಿಂದಕ್ಕೆ ಕಳಿಸಿದ್ದಳು. ಮಗ ಹೋದ ತಾಯಂದಿರೆಲ್ಲ ಸಾಯುವವರೆಗೆ ಕಪ್ಪು ಉಡುವ ಆ ಓಣಿಯಲ್ಲಿ ಅವಳೊಬ್ಬಳ ತಲೆವಸ್ತ್ರ ಇನ್ನೂ ನೀಲಿ.

ಮೇಸ್ತ್ರಿ ಸೂಜಿ ಕಾಯಿಸಿ ಹಲ್ಲಿನ ಬುಡಕ್ಕೆ ಒತ್ತಿದ. ಕರಗಲಿಲ್ಲ, ಪ್ಲಾಸ್ಟಿಕ್ಕಿನ ವಾಸನೆ ಬರಲಿಲ್ಲ. ಹಲ್ಲೇನೋ ಹಲ್ಲೇ. ಭೂತಕನ್ನಡಿ ಹಿಡಿದು ಗೀರುಗಳನ್ನು ನೋಡಿದ. ಬಲಗೈಯವರ ಗೀರು ವಾಲುವ ಕಡೆಗೆ ಇವು ವಾಲಿರಲಿಲ್ಲ. ಎಡಗೈಯವನು.

ಅಮಾರೊ ಎಡಚ. ಕೈ ಚೆನ್ನಾಗಿತ್ತು, ತಲೆ ಮಾತ್ರ ಮೊಂಡು. ಪಟ ಮುಂದಕ್ಕೆ ಉಬ್ಬಿದ್ದರೆ ಗಾಳಿ ಹಿಂದಿನಿಂದ ಬೀಸುತ್ತಿದೆ ಎಂದರ್ಥ, ಆಗ ಬಾವುಟವೂ ಮುಂದಕ್ಕೇ ಹಾರಬೇಕು. ಹಾಯಿಹಡಗಿನಲ್ಲಿ ಒಂದು ದಿನ ಇದ್ದವನೂ ಇದನ್ನು ತಪ್ಪುವುದಿಲ್ಲ. ಹುಟ್ಟಿದಾಗಿನಿಂದ ಇಂಜಿನ್ ದೋಣಿಯನ್ನೇ ಕಂಡ ಅಮಾರೊ ಪ್ರತಿ ಸಲವೂ ಬಾವುಟವನ್ನು ಹಿಂದಕ್ಕೇ ಹಾರಿಸುತ್ತಿದ್ದ. “ನಾನು ಕಂಡ ಬಾವುಟ ಹಿಂದಕ್ಕೇ ಹಾರೋದಪ್ಪಾ,” ಎಂದು ವಾದ ಬೇರೆ. ಕೊನೆಯ ಸಲ ಹೊರಟಾಗ, ಅರ್ಧ ಕೆತ್ತಿದ ಹಲ್ಲನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ ಮಗನಿಗೆ, “ಬಾವುಟ ತಿದ್ದೋವರೆಗೆ ಅದನ್ನ ನನ್ನ ಕಣ್ಣಿಗೆ ತೋರಿಸಬೇಡ,” ಎಂದಿದ್ದ ಮೇಸ್ತ್ರಿ.

ಕೈಯಲ್ಲಿದ್ದ ಹಲ್ಲಿನ ಮೇಲೆ ಬಾವುಟ ಮುಂದಕ್ಕೇ ಹಾರುತ್ತಿತ್ತು. ಬಾವುಟದ ಕೋಲಿನ ಹಿಂಬದಿಗೆ ಹಲ್ಲನ್ನು ಚಾಕುವಿನಿಂದ ಕೆರೆದು ಉಜ್ಜಿದ್ದರು. ಆ ಕೆರೆತದ ಅಡಿಯಲ್ಲಿ, ಭೂತಕನ್ನಡಿಗೆ ಮಾತ್ರ ಕಾಣುವಷ್ಟು, ಹಿಂದಕ್ಕೆ ಹಾರುವ ಇನ್ನೊಂದು ಬಾವುಟ.

“ಬಲೆ ಎಲ್ಲಿ ಹಾಕಿದ್ದೆ?” ಎಂದು ಕೇಳಿದ ಮೇಸ್ತ್ರಿ.

“ದಕ್ಷಿಣದ ಆಳದಲ್ಲಿ. ಯಾರೂ ಅಲ್ಲಿಗೆ ಹೋಗಲ್ಲ. ಕೆಳಗೆ ಏನಕ್ಕೋ ಸಿಕ್ಕಿ ಬಲೆ ಹರಿದೇಹೋಯ್ತು. ಈ ಹಲ್ಲಿನ ಜೊತೆ ಒಂದು ತಗಡೂ ಬಂತು, ಹಸಿರು ಬಣ್ಣದ್ದು. ಯಾವುದೋ ಹಳೇ ಹಡಗು ಬಿದ್ದಿರಬೇಕು.”

ಲುಜೀನಿಯಾಕ್ಕೆ ಹಸಿರು ಬಣ್ಣ ಬಳಿದವನೇ ಮೇಸ್ತ್ರಿ.

“ಹೇಳಿ ಮತ್ತೆ, ಯಾರ ಕೈ ಇದು?”

ಅಷ್ಟರಲ್ಲಿ ಬೆಲ್ಮೀರಾ ಕಾಫಿ, ದಪ್ಪನೆಯ ಸಿಹಿ ರೊಟ್ಟಿ, ಚಾಕು ಹಿಡಿದು ಬಂದಳು. ತಟ್ಟೆ ಇಟ್ಟವಳೇ ಗಂಡನ ಕೈಯಿಂದ ಹಲ್ಲನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಈ ಮೂರು ವರ್ಷದಿಂದ ಅವಳದು ಇದೇ ಅಭ್ಯಾಸ. ಮನೆಗೆ ಯಾರು ಯಾವ ಹಲ್ಲು ತಂದರೂ ಅವಳ ಕಣ್ಣು ಮೊದಲು ಹೋಗುವುದು ಬಾವುಟದ ಕಡೆಗೆ.

ಅವಳ ಭುಜ ಸಡಿಲವಾಯಿತು.

“ಸದ್ಯ, ನಮ್ಮವನದಲ್ಲ,” ಎಂದು ಹಲ್ಲನ್ನು ತಿರುಗಿ ಕೊಟ್ಟಳು. “ಬಾವುಟ ನೆಟ್ಟಗಿದೆ. ನಮ್ಮ ಹುಡುಗ ಎಲ್ಲಿ ಅಪ್ಪನ ಮಾತು ಕೇಳ್ತಾನೆ? ಅಲ್ವೇನ್ರೀ?”

ಮೇಸ್ತ್ರಿ ಹೆಬ್ಬೆರಳನ್ನು ಬಾವುಟದ ಮೇಲಿಟ್ಟು ಒತ್ತಿ ಹಿಡಿದ. ಕೆರೆದ ಜಾಗ ಬೆರಳಿಗೆ ಒರಟಾಗಿ ತಾಗಿತು.

“ಹೌದು,” ಎಂದ. “ಅವನದಲ್ಲ. ಯಾವನೋ ಹಳೇ ಕಾಲದವನು ಕೆತ್ತಿದ್ದು.”

ಹುಟ್ಟಿದ ಮೇಲೆ ಅವನು ಒಂದು ಹಲ್ಲಿನ ಬಗ್ಗೆ ಹೇಳಿದ ಮೊದಲ ಸುಳ್ಳು ಅದು. ಬೆಲ್ಮೀರಾ ನಂಬಿದಳು, ಊರೆಲ್ಲ ನಂಬುವ ಹಾಗೆ. ಗುನುಗುತ್ತ ರೊಟ್ಟಿ ಕೊಯ್ಯತೊಡಗಿದಳು. ದುಆರ್ತೆ ಮಾತ್ರ ಬಾವುಟವನ್ನು ಇನ್ನೂ ಮುಚ್ಚಿಹಿಡಿದಿದ್ದ ಆ ಹೆಬ್ಬೆರಳನ್ನು ನೋಡಿದ, ಮೇಸ್ತ್ರಿಯ ಮುಖ ನೋಡಿದ. ದೋಣಿಯಲ್ಲಿ ಬಿಟ್ಟುಬಂದ ಹಸಿರು ತಗಡು ನೆನಪಿಗೆ ಬಂತು. ತನಗರಿವಿಲ್ಲದೆಯೇ ಅವನ ಕೈ ತಲೆಗೆ ಹೋಯಿತು.

ರೊಟ್ಟಿಯ ನಡುವೆ ಬೆಲ್ಮೀರಾಳ ಚಾಕು ನಿಂತಿತು.

“ಟೋಪಿ ಯಾಕೋ ತೆಗೆದೆ?”