ಮೂವರೂ ಸರಿಯೇ

“ಅಕ್ಕಾ, ಯಾವ ಮರ ಅಂತ ನೋಡೋಕೆ ಉಗುರಿನಷ್ಟು ಕೆರೆದರೆ ಸಾಕಲ್ವಾ?” ತಮ್ಮ ಬ್ಲೇಡು ಹಿಡಿದೇ ಕೇಳಿದ. ಅವನ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರು ತಂತಿಯಿಲ್ಲದೆ ಊಟದ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಮರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಸವೆಸಿದ ಅಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು. ನಾಳೆ ಶಾಲೆಯಲ್ಲಿ ಇವನ ಮಗಳು ಹಾಡಬೇಕು, ಜೊತೆಗೆ ಇವನು ನುಡಿಸಬೇಕು. ಇವನೋ ಮೂರು ವಾರದಿಂದ ಮರದ ಜಾತಕ ಕೇಳುತ್ತಾ ಕೂತಿದ್ದಾನೆ.

“ಮೊದಲು ಅಭ್ಯಾಸ ಮಾಡೋ, ಮಹಾರಾಯ.”

“ಯಾವ ಮರ ಅಂತ ಗೊತ್ತಿಲ್ಲದೆ ನಾದ ಹೇಗೆ ಹೊಂದಿಸಲಿ?”

ಅವಳು ಹಲ್ಲು ಕಚ್ಚಿ ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿದಳು. ಒಳಗೆ ಮೂರು ಕಡೆ ಹಳೆಯ ಕೆರೆತಗಳಿದ್ದವು. ಒಂದೊಂದರ ಪಕ್ಕದಲ್ಲೂ ಬೇರೆ ಬೇರೆ ಕೈಬರಹದಲ್ಲಿ ಪೆನ್ಸಿಲಿನ ತೀರ್ಪು: ತೇಗ, ಮಹಾಗನಿ, ಬೇವು. ಇವನಂಥವರು ಹಿಂದೆಯೂ ಮೂವರು ಆಗಿಹೋಗಿದ್ದರು! ಭೂತಗನ್ನಡಿಯಲ್ಲಿ ಮೂರನ್ನೂ ನೋಡಿದಳು. ನಡುನಡುವೆ ಕೂದಲೆಳೆಯಷ್ಟು ಅಂಟಿನ ಗೆರೆ ಕಂಡಿತು.

“ಮೂವರೂ ಸರಿಯೇ ಕಣೋ. ಮೂರು ಮರದ ತುಂಡು ಅಂಟಿಸಿ ಮಾಡಿದ್ದಾರೆ. ಸಮಾಧಾನವಾಯ್ತಾ?”

ತಮ್ಮನ ಮುಖ ಅರಳಿತು. “ಹಾಗಾದ್ರೆ ಯಾವುದು ಎಷ್ಟು ಪಾಲು?”

ಅಕ್ಕ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಮ್ಮನ ಮಗಳು ಹೇಳಿದಳು: “ಅತ್ತೆ, ನೀವು ನಿಧಾನವಾಗಿ ನೋಡಿ. ನಾನೊಬ್ಬಳೇ ಹಾಡ್ತೀನಿ ಅಂತ ಟೀಚರಿಗೆ ಹೇಳಿ ಬಂದಿದ್ದೀನಿ.” ಅವಳ ದನಿಯಲ್ಲಿ ಕೋಪ ಕೂಡ ಇರಲಿಲ್ಲ.

ತಮ್ಮ ಬ್ಲೇಡು ಬಿಸಾಕಿ, ತಂತಿಯ ಪೊಟ್ಟಣಕ್ಕಾಗಿ ಮೇಜೆಲ್ಲ ತಡಕಾಡತೊಡಗಿದ. ಅಷ್ಟರಲ್ಲಿ ಒಳಕೋಣೆಯಲ್ಲಿ ಹಾಡು ಶುರುವಾಗಿತ್ತು. ಎಲ್ಲೂ ತಡವರಿಸದೆ, ಯಾರಿಗೂ ಕಾಯದೆ ಅವಳು ಹಾಡುತ್ತಿದ್ದಳು.