ಬೆಳಿಗ್ಗೆ ಸೇರಿಸಿದ ಸಾಲು

ತಾನೇ ಬರೆದ ಕೋಡಿನ ಸಾಲೊಂದರ ಮೇಲೆ ಟೀಮ್ ಲೀಡ್ ಆದವಳ ಕಣ್ಣು ನೆಟ್ಟಿತು. ಕಂಪ್ಯೂಟರಿನೊಳಗೇ ಓಡುವ ವರ್ಚುವಲ್ ಮಷೀನನ್ನು ನಡೆಸುವ ಕರ್ನಲ್, ಮೆಮೊರಿಯಲ್ಲಿ ಇಲ್ಲದ ಪುಟಕ್ಕೆ ಕೈಹಾಕಿ ಪೇಜ್ ಫಾಲ್ಟ್ ಎಂಬ ದೋಷ ಆದಾಗಲೆಲ್ಲ ತೆರೆಯ ಮೇಲೆ ತೋರಿಸಲೆಂದು ಬೆಳಿಗ್ಗೆ ಸೇರಿಸಿದ್ದ ಸಾಲು. ಈಗ ನೋಡಿದರೆ ಆ ಸಾಲೇ ಇಲ್ಲದ ಪುಟಕ್ಕೆ ಕೈಹಾಕುತ್ತಿದೆ! ಫಾಲ್ಟ್ ಆದರೆ ಸಾಲು ಓಡುತ್ತದೆ, ಸಾಲು ಓಡಿದರೆ ಮತ್ತೆ ಫಾಲ್ಟ್. ಗಾಣದೆತ್ತಿನ ಸುತ್ತು; ಮಷೀನ್ ಏಳುವುದೇ ಇಲ್ಲ.

ಪಕ್ಕದಲ್ಲಿ ಹೊಸಬ ಕೂತಿದ್ದ. “ಸರಿಹೋಯ್ತು ಮೇಡಂ” ಎಂದು ಬೆಳಿಗ್ಗೆಯೇ ಹೇಳಿದ್ದವನು, ತನ್ನ ಕೋಡನ್ನು ಬಿಚ್ಚಿ, ಕಟ್ಟಿ, ಕೊನೆಗೆ ಬೆಳಿಗ್ಗೆ ಇದ್ದಲ್ಲಿಗೇ ಬಂದು ಸೋತಿದ್ದ. “ಮಷೀನ್ ಏಳೋ ತನಕ ನೀವೂ ಏಳೋ ಹಾಗಿಲ್ಲ” ಎಂದು ಅವನನ್ನು ಕೂರಿಸಿದವಳು ಅವಳೇ. ಅವನ ಮಗಳ ಶಾಲೆ ಬಿಟ್ಟಾಗಿತ್ತು. ಮೇಜಿನ ಮೇಲೆ ಅವನ ಫೋನು ನಡುಗುತ್ತಲೇ ಇತ್ತು.

ಅವಳು ಸದ್ದಿಲ್ಲದೆ ಸಾಲನ್ನು ಅಳಿಸಿದಳು. ಮಷೀನ್ ಕಮಕ್ ಕಿಮಕ್ ಎನ್ನದೆ ಎದ್ದಿತು.

“ಬದುಕಿಸಿದ್ರಿ! ನನ್ನದೇ ತಪ್ಪು ಮೇಡಂ, ನಿಮ್ಮ ದಿನಾನೂ ಹಾಳ್ಮಾಡ್ದೆ,” ಎನ್ನುತ್ತ ಅವನು ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲಿಗೆ ಓಡಿದ. ಅವಳು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಒಂದ್ನಿಮಿಷ,” ಎಂದಳು.

ಅವನ ಕೈ ಹಿಡಿಕೆಯ ಮೇಲೇ ಉಳಿಯಿತು. “ಮತ್ತೆ ಬಿತ್ತಾ?”

“ಇಲ್ಲ. ನಿಮ್ಮ ಕೋಡ್ ಬೆಳಿಗ್ಗೇನೇ ಸರಿಹೋಗಿತ್ತು.”